ಎರಡು ಡಿಗ್ರಿಯ ಹಿಂದಿನ ಚರಿತ್ರೆ

ಹಲ್ಲಿಗೆ ಕ್ಲಿಪ್ ಹಾಕಿಸಲೆಂದು ಮಗುವನ್ನು ಕರೆದುಕೊಂಡು ಹೋದಾಗ ವೈದ್ಯರು ಮೊದಲು ತೆಗೆಸುವ ಚಿತ್ರಗಳಲ್ಲಿ ತಲೆಯ ಮಗ್ಗುಲಿನ ಎಕ್ಸ್-ರೇ ಸಾಮಾನ್ಯವಾಗಿ ಇರುತ್ತದೆ. ಅದರ ಮೇಲೆ ಹತ್ತಾರು ಗೆರೆ ಎಳೆದು, ಪಕ್ಕದಲ್ಲಿ ಅಂಕಿಗಳ ಪಟ್ಟಿಯೊಂದನ್ನು ಬರೆಯುತ್ತಾರೆ. ಆ ಪಟ್ಟಿಯಲ್ಲಿ ಮೂರು ಅಂಕಿಗಳು ಮುಖ್ಯ. ಬುರುಡೆಯ ತಳಕ್ಕೆ ಹೋಲಿಸಿದರೆ ಮೇಲ್ದವಡೆ ಎಷ್ಟು ಮುಂದಿದೆ ಎಂಬುದಕ್ಕೆ ಎಸ್‌ಎನ್‌ಎ, ಕೆಳದವಡೆ ಎಷ್ಟು ಮುಂದಿದೆ ಎಂಬುದಕ್ಕೆ ಎಸ್‌ಎನ್‌ಬಿ, ಇವೆರಡರ ನಡುವಿನ ವ್ಯತ್ಯಾಸಕ್ಕೆ ಎಎನ್‌ಬಿ. ಪುಸ್ತಕದ ಪ್ರಕಾರ ಇವು 82, 80 ಮತ್ತು 2 ಡಿಗ್ರಿ ಇರಬೇಕು. ಎಎನ್‌ಬಿ 4ನ್ನು ದಾಟಿದರೆ ಕೆಳದವಡೆ ಹಿಂದೆ ಬಿದ್ದಿದೆ ಎಂದೂ, ಸೊನ್ನೆಗಿಂತ ಕೆಳಗಿಳಿದರೆ ಮುಂದೆ ಚಾಚಿದೆ ಎಂದೂ ಓದುವುದು ರೂಢಿ. ಈ ರೂಢಿ ಎಲ್ಲಿಂದ ಬಂತು ಎಂದು ಹಿಂದಕ್ಕೆ ನೋಡುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಅಳತೆಯ ಉಪಕರಣ ಹುಟ್ಟಿದ್ದು ಬೆಳೆಯುವ ಮಗುವಿನ ಮುಖವನ್ನು ವರ್ಷದಿಂದ ವರ್ಷಕ್ಕೆ ಅದೇ ಮುಖದ ಜೊತೆ ಹೋಲಿಸಿ ನೋಡಲು. ಮಗುವನ್ನು ಯಾವುದೋ ಸರಾಸರಿಯ ಪಕ್ಕದಲ್ಲಿ ನಿಲ್ಲಿಸಿ ತೀರ್ಪು ಕೊಡುವ ಕೆಲಸ ಅದಕ್ಕೆ ಆಮೇಲೆ ಅಂಟಿಕೊಂಡಿತು. ಮೊದಲ ಕೆಲಸದಲ್ಲಿ ಅದು ಗಳಿಸಿದ ನಂಬಿಕೆಯನ್ನು ನಾವು ಎರಡನೆಯ ಕೆಲಸಕ್ಕೂ ಹಾಗೆಯೇ ಕೊಟ್ಟುಬಿಟ್ಟಿದ್ದೇವೆ.

ಬುರುಡೆಗೆ ಗೆರೆ ಎಳೆದು ಮುಖವನ್ನು ಓದುವ ಅಭ್ಯಾಸ ದಂತವೈದ್ಯರದ್ದಲ್ಲ. ಹಾಲೆಂಡಿನ ಅಂಗರಚನಾ ಶಾಸ್ತ್ರಜ್ಞ ಪೀಟ್ರಸ್ ಕ್ಯಾಂಪರ್ 18ನೇ ಶತಮಾನದಲ್ಲಿ ಚಿತ್ರಕಾರರಿಗೆ ಪಾಠ ಹೇಳುತ್ತ, ಕಿವಿಯ ರಂಧ್ರದಿಂದ ಮೂಗಿನ ತಳಕ್ಕೆ ಒಂದು ಗೆರೆ, ಹಣೆಯಿಂದ ಮೇಲ್ದವಡೆಯ ಮುಂಭಾಗಕ್ಕೆ ಇನ್ನೊಂದು ಗೆರೆ ಎಳೆದು ಅವುಗಳ ನಡುವಿನ ಕೋನವನ್ನು ಅಳೆದ. ಅವನು ತೀರಿಕೊಂಡ ಮೇಲೆ, 1791ರಲ್ಲಿ, ಆ ಪಾಠಗಳು ಪುಸ್ತಕವಾಗಿ ಬಂದವು. ಅವನ ಲೆಕ್ಕದಲ್ಲಿ ಗ್ರೀಕ್ ಶಿಲ್ಪಗಳಿಗೆ 100 ಡಿಗ್ರಿ, ಯುರೋಪಿನವರಿಗೆ ಸುಮಾರು 80, ಆಫ್ರಿಕಾದವರಿಗೆ 70. ವಾನರಗಳದ್ದು ಅದಕ್ಕೂ ಕಡಿಮೆ. ಜನಾಂಗಗಳನ್ನು ಮೇಲುಕೀಳೆಂದು ಜೋಡಿಸಲು ಮುಂದಿನವರು ಈ ಕೋನವನ್ನು ಧಾರಾಳವಾಗಿ ಬಳಸಿಕೊಂಡರು. ಒಣಬುರುಡೆಗಳನ್ನು ಅಳೆಯುವವರ ಸಂಖ್ಯೆ ಹೆಚ್ಚಿದಂತೆ ಎಲ್ಲ ಬುರುಡೆಗಳನ್ನೂ ಒಂದೇ ಭಂಗಿಯಲ್ಲಿ ಇಡುವುದು ಹೇಗೆಂಬ ತಕರಾರು ಎದ್ದಿತು. 1882ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸೇರಿದ ಮಾನವಶಾಸ್ತ್ರಜ್ಞರು, ಕಿವಿರಂಧ್ರದ ಮೇಲಂಚು ಮತ್ತು ಕಣ್ಣುಗೂಡಿನ ಕೆಳಂಚನ್ನು ಸೇರಿಸುವ ಗೆರೆಯನ್ನೇ ಅಡ್ಡರೇಖೆ ಎಂದು ಒಪ್ಪಿಕೊಂಡರು. ಸತ್ತವರ ಬುರುಡೆಯನ್ನು ಕಪಾಟಿನಲ್ಲಿ ಒಂದೇ ರೀತಿ ಕೂರಿಸಲು ಮಾಡಿಕೊಂಡ ಒಪ್ಪಂದವದು. ಬದುಕಿರುವ ಮನುಷ್ಯ ನೆಟ್ಟಗೆ ನಿಂತು ದೂರ ದೃಷ್ಟಿಸಿದಾಗ ಆ ಗೆರೆ ನೆಲಕ್ಕೆ ಸಮಾನಾಂತರವಾಗಿರಲೇಬೇಕೆಂಬ ನಿಯಮವಿಲ್ಲ. ಒಬ್ಬರಿಂದ ಒಬ್ಬರಿಗೆ ಹಲವು ಡಿಗ್ರಿ ಆಚೀಚೆ ಆಗುತ್ತದೆ. ಆದರೂ ಈ ಗೆರೆ ದಂತವೈದ್ಯರ ಮೇಜಿಗೆ ಬಂದು ಇಂದಿಗೂ ಅಲ್ಲೇ ಇದೆ.

ಹಲ್ಲು ನೇರ ಮಾಡುವ ವೃತ್ತಿಯನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿ ನಿಲ್ಲಿಸಿದವರು ಅಮೆರಿಕದ ಎಡ್ವರ್ಡ್ ಆಂಗಲ್. ಅವರಿಗೆ ಬುರುಡೆಯ ಗೆರೆಗಳು ಬೇಕಾಗಿರಲಿಲ್ಲ. 1899ರಲ್ಲಿ ಅವರು ಪ್ರಕಟಿಸಿದ ವರ್ಗೀಕರಣ ಸಂಪೂರ್ಣವಾಗಿ ಹಲ್ಲುಗಳನ್ನೇ ನೆಚ್ಚಿತ್ತು. ಮೇಲಿನ ಮೊದಲ ಶಾಶ್ವತ ದವಡೆಹಲ್ಲು ತನ್ನ ಜಾಗದಲ್ಲಿ ಸರಿಯಾಗಿಯೇ ಇರುತ್ತದೆ ಎಂದು ಹಿಡಿದು, ಕೆಳಗಿನದು ಅದಕ್ಕೆ ಹೊಂದಿಕೊಂಡಿದೆಯೇ, ಹಿಂದಿದೆಯೇ, ಮುಂದಿದೆಯೇ ಎಂದು ನೋಡಿ ಮೂರು ವರ್ಗ ಮಾಡಿದರು. ಸರಳವಾದ ಈ ವಿಂಗಡಣೆ ಇಂದಿಗೂ ಪ್ರತಿ ದಂತ ಕಾಲೇಜಿನ ಮೊದಲ ಪಾಠ. ಅದರ ಬೆನ್ನಿಗೆ ಒಂದು ನಂಬಿಕೆಯೂ ಇತ್ತು: ಎಲ್ಲ ಹಲ್ಲುಗಳನ್ನೂ ಉಳಿಸಿಕೊಂಡು ಸಾಲಾಗಿ ಕೂರಿಸಿದರೆ ಮೂಳೆ ತಾನಾಗಿ ಬೆಳೆದು ಒಪ್ಪಿಕೊಳ್ಳುತ್ತದೆ, ಮುಖವೂ ಸುಂದರವಾಗುತ್ತದೆ. ಈ ನಂಬಿಕೆಯನ್ನು ಪರೀಕ್ಷಿಸುವ ದಾರಿ ಮಾತ್ರ ಅಂದು ಯಾರ ಬಳಿಯೂ ಇರಲಿಲ್ಲ. ಹಲ್ಲುಗಳ ಗಾರೆಯಚ್ಚು ತೆಗೆದರೆ ಹಲ್ಲು ಹಲ್ಲಿಗೆ ಹೇಗೆ ಕೂರುತ್ತದೆ ಎಂಬುದು ತಿಳಿಯುತ್ತಿತ್ತೇ ಹೊರತು, ಆ ಹಲ್ಲುಗಳನ್ನು ಹೊತ್ತ ದವಡೆ ತಲೆಯೊಳಗೆ ಎಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ. ಕೆಳಹಲ್ಲು ಹಿಂದಿದೆ ಎಂದಾಗ ಕೆಳದವಡೆಯೇ ಚಿಕ್ಕದೋ, ಮೇಲ್ದವಡೆ ಉದ್ದವೋ, ದವಡೆಗಳೆರಡೂ ಸರಿಯಿದ್ದು ಹಲ್ಲಷ್ಟೇ ಜಾರಿದೆಯೋ ಎಂದು ಹೇಳಲು ಆಧಾರವಿರಲಿಲ್ಲ.

ಆ ಆಧಾರವನ್ನು ಒದಗಿಸಿದವರು ಆಂಗಲ್ ಅವರ ಶಿಷ್ಯರೇ ಆದ ಹಾಲಿ ಬ್ರಾಡ್‌ಬೆಂಟ್. ಕ್ಲೀವ್‌ಲ್ಯಾಂಡ್‌ನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ಶಾಸ್ತ್ರಜ್ಞ ವಿಂಗೇಟ್ ಟಾಡ್ ಅವರು ಕೂಡಿಟ್ಟಿದ್ದ ಬುರುಡೆಗಳ ನಡುವೆ ಕೆಲಸ ಮಾಡುತ್ತಿದ್ದ ಬ್ರಾಡ್‌ಬೆಂಟ್, ಒಣಬುರುಡೆಯನ್ನು ಅಲುಗದಂತೆ ಹಿಡಿಯುವ ಚೌಕಟ್ಟನ್ನು ಜೀವಂತ ಮಗುವಿನ ತಲೆಗೆ ಒಗ್ಗಿಸಿದರು. ಎರಡು ಕಿವಿಗಳಿಗೂ ಒಂದೊಂದು ಕಡ್ಡಿ ತೂರಿಸಿ ತಲೆಯನ್ನು ನಿಲ್ಲಿಸುವುದು, ಎಕ್ಸ್-ರೇ ಕೊಳವೆಯನ್ನು ತಲೆಯ ನಡುರೇಖೆಯಿಂದ ಸರಿಯಾಗಿ 5 ಅಡಿ ದೂರದಲ್ಲಿ ಭದ್ರಪಡಿಸುವುದು, ಮಗ್ಗುಲಿನಿಂದ ಒಂದು ಮತ್ತು ನೇರವಾಗಿ ಇನ್ನೊಂದು ಚಿತ್ರ ತೆಗೆಯುವುದು, ಇದು ಕ್ರಮ. ದೂರ ಬದಲಾಗದ ಕಾರಣ ನೆರಳು ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಲೆಕ್ಕ ಸಿಗುತ್ತದೆ: ಫಿಲ್ಮು ನಡುರೇಖೆಯಿಂದ ಅರ್ಧ ಅಡಿ ಆಚೆಯಿದ್ದರೆ ನಡುರೇಖೆಯಲ್ಲಿರುವ ಭಾಗ ನೂರಕ್ಕೆ ಹತ್ತರಷ್ಟು ದೊಡ್ಡದಾಗಿ ಕಾಣುತ್ತದೆ. ಮುಖ್ಯವಾದದ್ದೇನೆಂದರೆ, ಅದೇ ಮಗು ಮುಂದಿನ ವರ್ಷ ಬಂದಾಗ ತಲೆ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಕೂರುತ್ತದೆ. 1931ರಲ್ಲಿ ‘ದಿ ಆಂಗಲ್ ಆರ್ಥೊಡಾಂಟಿಸ್ಟ್’ ಪತ್ರಿಕೆಯ ಮೊದಲ ಸಂಪುಟದಲ್ಲಿ ಬ್ರಾಡ್‌ಬೆಂಟ್ ಈ ವಿಧಾನವನ್ನು ವಿವರಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಹರ್ಬರ್ಟ್ ಹೊಫ್‌ರಾತ್ ಕೂಡ ಇಂಥದೇ ವಿಧಾನವನ್ನು ಸ್ವತಂತ್ರವಾಗಿ ಪ್ರಕಟಿಸಿದರು.

ಬ್ರಾಡ್‌ಬೆಂಟ್ ಅವರ ಉದ್ದೇಶ ಏನಾಗಿತ್ತು ಎಂಬುದಕ್ಕೆ ಅವರು ಕೈಗೊಂಡ ಕೆಲಸವೇ ಸಾಕ್ಷಿ. ಮುಂದೆ ಅಮೆರಿಕದ ಸಂಸತ್ತಿನ ಸದಸ್ಯೆಯಾದ ಫ್ರಾನ್ಸಿಸ್ ಪೇನ್ ಬೋಲ್ಟನ್ ಮತ್ತು ಅವರ ಮಗ ಕೊಟ್ಟ ಹಣದಿಂದ ನಡೆದ ಬೋಲ್ಟನ್ ಅಧ್ಯಯನದಲ್ಲಿ ಕ್ಲೀವ್‌ಲ್ಯಾಂಡಿನ ಸಾವಿರಾರು ಆರೋಗ್ಯವಂತ ಮಕ್ಕಳ ಚಿತ್ರಗಳನ್ನು ವರ್ಷಾನುಗಟ್ಟಲೆ ಕೂಡಿಡಲಾಯಿತು. ಒಂದು ಮಗುವಿನ ಆರನೇ ವರ್ಷದ ಚಿತ್ರದ ಮೇಲೆ ಅದೇ ಮಗುವಿನ ಹತ್ತನೇ ವರ್ಷದ ಚಿತ್ರವನ್ನಿಟ್ಟು ಏನು ಬದಲಾಯಿತು ಎಂದು ನೋಡುವುದು ಅಲ್ಲಿನ ಪದ್ಧತಿ. ಇದರ ಫಲ ಬೇಗನೆ ಕಂಡಿತು. 1938ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಆಲನ್ ಬ್ರೋಡಿ ಮತ್ತು ಸಂಗಡಿಗರು ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ತೆಗೆದ ಚಿತ್ರಗಳನ್ನು ಹೋಲಿಸಿ, ಆಂಗಲ್ ಪಂಥದ ಚಿಕಿತ್ಸೆಯಿಂದ ಆಗುವ ಬದಲಾವಣೆ ಬಹುಮಟ್ಟಿಗೆ ಹಲ್ಲು ಮತ್ತು ಅದರ ಸುತ್ತಲಿನ ಮೂಳೆಗೆ ಸೀಮಿತ ಎಂದು ತೋರಿಸಿದರು. ಹಲ್ಲು ಸಾಲಾದರೆ ದವಡೆ ತಾನೇ ಬೆಳೆಯುತ್ತದೆ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು. ಹಾಗೆ ಪೆಟ್ಟು ಕೊಡುವ ಶಕ್ತಿ ಅದಕ್ಕೆ ಬಂದದ್ದು ಅದೇ ವ್ಯಕ್ತಿಯ ಎರಡು ಕಾಲದ ಚಿತ್ರಗಳನ್ನು ಹೋಲಿಸಿದ್ದರಿಂದ. ಆ ತೀರ್ಮಾನಕ್ಕೆ ಯಾವ ಆದರ್ಶ ಸಂಖ್ಯೆಯ ನೆರವೂ ಬೇಕಾಗಿರಲಿಲ್ಲ.

ತಿರುವು ಬಂದದ್ದು 1940ರ ದಶಕದಲ್ಲಿ. ಆಂಗಲ್ ಅವರ ಇನ್ನೊಬ್ಬ ಶಿಷ್ಯ, ಅರಿಜೋನಾದ ಚಾರ್ಲ್ಸ್ ಟ್ವೀಡ್, ಹಲ್ಲು ಕೀಳದೆ ಚಿಕಿತ್ಸೆ ಮಾಡಿದ ತಮ್ಮ ರೋಗಿಗಳಲ್ಲಿ ಬಾಯಿ ಮುಂದಕ್ಕೆ ಉಬ್ಬುವುದನ್ನೂ ಹಲ್ಲು ಮತ್ತೆ ವಕ್ರವಾಗುವುದನ್ನೂ ಕಂಡು, ನಾಲ್ಕು ಮುಂದವಡೆ ಹಲ್ಲುಗಳನ್ನು ಕಿತ್ತು ಚಿಕಿತ್ಸೆಯನ್ನು ಮತ್ತೆ ಮಾಡಿ ತೋರಿಸಿದರು. ಯಾರಿಗೆ ಕೀಳಬೇಕು, ಯಾರಿಗೆ ಬೇಡ ಎಂದು ನಿರ್ಧರಿಸಲು ಒಂದು ಗುರುತು ಬೇಕಾಯಿತು. ಕೆಳಗಿನ ಬಾಚಿಹಲ್ಲು ದವಡೆಯ ಕೆಳಂಚಿಗೆ ಸುಮಾರು 90 ಡಿಗ್ರಿಯಲ್ಲಿ ನಿಲ್ಲಬೇಕು ಎಂಬುದು ಅವರ ಗುರುತು. 1948ರಲ್ಲಿ ವಿಲಿಯಂ ಡೌನ್ಸ್ ಇಡೀ ಮುಖಕ್ಕೆ ಇಂಥ ಹತ್ತು ಅಳತೆಗಳ ಪಟ್ಟಿ ಕೊಟ್ಟರು. ಆ ಪಟ್ಟಿಯ ತಳಹದಿ 20 ಮಂದಿ: 12ರಿಂದ 17 ವರ್ಷದೊಳಗಿನ, ಹಲ್ಲುಗಳ ಜೋಡಣೆ ಅತ್ಯುತ್ತಮವಾಗಿದ್ದ, ಹತ್ತು ಹುಡುಗರು ಮತ್ತು ಹತ್ತು ಹುಡುಗಿಯರು, ಎಲ್ಲರೂ ಅಮೆರಿಕದ ಬಿಳಿಯರು. ಡೌನ್ಸ್ ಸರಾಸರಿಯ ಜೊತೆಗೆ ಪ್ರತಿ ಅಳತೆಯ ಕನಿಷ್ಠ ಗರಿಷ್ಠಗಳನ್ನೂ ಕೊಟ್ಟಿದ್ದರು. ಒಳ್ಳೆಯ ಮುಖಗಳೂ ಎಷ್ಟು ಬಗೆಯಾಗಿರಬಹುದು ಎಂಬುದೇ ಅವರ ಪ್ರಬಂಧದ ವಿಷಯ. ಆದರೆ ಬಳಕೆಯಲ್ಲಿ ವ್ಯಾಪ್ತಿ ಮರೆಯಾಗಿ ಸರಾಸರಿಯೊಂದೇ ಉಳಿಯಿತು. ‘ಇದೆ’ ಎಂದು ನೋಡಿ ಬರೆದ ಅಂಕಿ ‘ಇರಬೇಕು’ ಎಂಬ ಅಂಕಿಯಾಗಿ ಬದಲಾದದ್ದು ಇಲ್ಲಿ.

ಡೌನ್ಸ್ ಬಳಸಿದ್ದು ಫ್ರಾಂಕ್‌ಫರ್ಟ್ ಗೆರೆಯನ್ನು. ಎಕ್ಸ್-ರೇಯಲ್ಲಿ ಕಿವಿರಂಧ್ರದ ಅಂಚು ಹುಡುಕುವುದು ಕಷ್ಟ; ಎಷ್ಟೋ ಸಲ ಕಿವಿಯೊಳಗಿನ ಕಡ್ಡಿಯ ನೆರಳನ್ನೇ ಗುರುತಾಗಿ ಹಿಡಿಯಬೇಕಾಗುತ್ತಿತ್ತು. ಹಾಗಾಗಿ ರಿಚರ್ಡ್ ರೀಡೆಲ್ 1952ರಲ್ಲಿ, ಸೆಸಿಲ್ ಸ್ಟೈನರ್ 1953ರಲ್ಲಿ ಬೇರೊಂದು ಗೆರೆಯನ್ನು ಮುಂದಿಟ್ಟರು. ಪಿಟ್ಯುಟರಿ ಗ್ರಂಥಿ ಕೂರುವ ಗುಳಿಯ ನಡುವಿನ ಬಿಂದು ಸೆಲ್ಲಾ. ಹಣೆಯ ಮೂಳೆ ಮತ್ತು ಮೂಗಿನ ಮೂಳೆ ಕೂಡುವ ಬಿಂದು ನೇಸಿಯನ್. ಇವೆರಡೂ ತಲೆಯ ನಡುರೇಖೆಯಲ್ಲಿಯೇ ಇವೆ, ಚಿತ್ರದಲ್ಲಿ ಸುಲಭವಾಗಿ ಕಾಣುತ್ತವೆ. ಮೇಲ್ದವಡೆಯ ಮುಂಭಾಗ ಅತಿ ಒಳಗೆ ಬಾಗಿದ ಕಡೆ ಎ ಬಿಂದು, ಕೆಳದವಡೆಯಲ್ಲಿ ಅದೇ ಬಗೆಯ ಬಿ ಬಿಂದು. ಈ ನಾಲ್ಕು ಬಿಂದುಗಳಿಂದ ಹುಟ್ಟಿದ್ದೇ 82, 80 ಮತ್ತು 2. ನಡುರೇಖೆಯ ಬಿಂದುಗಳ ಕೋನಕ್ಕೆ ನೆರಳಿನ ಹಿಗ್ಗುವಿಕೆ ತಟ್ಟುವುದಿಲ್ಲ, ಒಂದು ಕ್ಲಿನಿಕ್ಕಿನ ಚಿತ್ರವನ್ನು ಇನ್ನೊಂದರ ಜೊತೆ ಹೋಲಿಸಬಹುದು. ಪೆನ್ಸಿಲು, ಪಾರದರ್ಶಕ ಹಾಳೆ, ಕೋನಮಾಪಕ ಇದ್ದರೆ ಸಾಕು. ಬಳಸಲು ಇಷ್ಟು ಅನುಕೂಲವಾದ ಅಳತೆ ಜಗತ್ತಿನಾದ್ಯಂತ ಹರಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸುಲಭವಾಗಿ ಕಾಣುವ ಬಿಂದು ಎಂಬ ಕಾರಣಕ್ಕೆ ಆರಿಸಿದ್ದು, ದವಡೆಗಳ ಸಂಬಂಧಕ್ಕೆ ತಕ್ಕ ಬಿಂದು ಎಂಬ ಕಾರಣಕ್ಕಲ್ಲ, ಎನ್ನುವುದನ್ನು ಮರೆಯುವಂತಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಒಂದು ಲೆಕ್ಕದಿಂದಲೇ ನೋಡಬಹುದು. ನೇಸಿಯನ್‌ನಿಂದ ಎ ಬಿಂದು ನೇರ ಕೆಳಗೆ 60 ಮಿಲಿಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಬಿ ಬಿಂದು 100 ಮಿಲಿಮೀಟರ್ ಕೆಳಗೆ, ಅದೇ ತೂಗುಗೆರೆಗಿಂತ ಮೂರೂವರೆ ಮಿಲಿಮೀಟರ್ ಹಿಂದೆ ಇರಲಿ. ಆಗ ಎಎನ್‌ಬಿ ಸರಿಯಾಗಿ 2 ಡಿಗ್ರಿ, ಪುಸ್ತಕದ ಆದರ್ಶ. ಈಗ ದವಡೆಗಳನ್ನು ಮುಟ್ಟದೆ ನೇಸಿಯನ್ ಮಾತ್ರ 5 ಮಿಲಿಮೀಟರ್ ಮುಂದಿರುವ ಮುಖವನ್ನು ಊಹಿಸಿದರೆ ಎಎನ್‌ಬಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ನೇಸಿಯನ್ 5 ಮಿಲಿಮೀಟರ್ ಹಿಂದಿದ್ದರೆ ಅದೇ ಕೋನ 4ರ ಹತ್ತಿರಕ್ಕೆ ಏರುತ್ತದೆ. ಮೇಲ್ದವಡೆಗೂ ಕೆಳದವಡೆಗೂ ಇರುವ ಅಂತರ ಮೂರೂ ಮುಖಗಳಲ್ಲಿ ಒಂದೇ. ಆದರೂ ಒಂದು ಮುಖ ಸಹಜ ಮಿತಿಯ ಈ ತುದಿಯಲ್ಲಿ, ಇನ್ನೊಂದು ಆ ತುದಿಯಲ್ಲಿ ನಿಲ್ಲುತ್ತದೆ. ಮೂಗಿನ ಬುಡದ ಮೂಳೆ ಎಲ್ಲಿದೆ ಎಂಬುದೇ ದವಡೆಯ ದೋಷವಾಗಿ ಬರೆದುಹೋಗುತ್ತದೆ. ಇದಲ್ಲದೆ ಎ ಬಿಂದು ಬಾಚಿಹಲ್ಲಿನ ಬೇರಿಗೆ ಹತ್ತಿರದಲ್ಲಿದೆ. ಬೇರನ್ನು ಚಿಕಿತ್ಸೆಯಿಂದ ಸರಿಸಿದರೆ ಬಿಂದುವೂ ಸರಿಯುತ್ತದೆ. ಹಲ್ಲು ಸರಿದದ್ದನ್ನು ದವಡೆ ಬದಲಾಯಿತೆಂದು ಓದುವ ಅಪಾಯ ಅಳತೆಯೊಳಗೇ ಅಡಗಿದೆ.

ಈ ದೋಷವನ್ನು ವೃತ್ತಿಯವರೇ ಕಂಡುಹಿಡಿದು ತಿದ್ದಿಕೊಂಡಿದ್ದಾರಲ್ಲ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಅದರಲ್ಲಿ ನ್ಯಾಯವಿದೆ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದ ಅಲೆಕ್ಸ್ ಜೇಕಬ್‌ಸನ್ 1975ರಲ್ಲಿ ಎಎನ್‌ಬಿಯ ಈ ಕೊರತೆಗಳನ್ನು ಬಿಡಿಸಿ ತೋರಿಸಿ, ತಮ್ಮ ವಿಶ್ವವಿದ್ಯಾಲಯದ ಹೆಸರಿನಿಂದ ‘ವಿಟ್ಸ್’ ಎಂಬ ಅಳತೆಯನ್ನು ಸೂಚಿಸಿದರು. ಅದರಲ್ಲಿ ಬುರುಡೆಯ ಗೊಡವೆಯೇ ಇಲ್ಲ. ಮೇಲಿನ ಕೆಳಗಿನ ಹಲ್ಲುಗಳು ಕಚ್ಚುವ ಮಟ್ಟದಲ್ಲಿ ಒಂದು ಗೆರೆ ಎಳೆದು, ಎ ಮತ್ತು ಬಿ ಬಿಂದುಗಳಿಂದ ಅದಕ್ಕೆ ಲಂಬ ಇಳಿಸಿ, ಎರಡರ ನಡುವಿನ ದೂರವನ್ನು ಮಿಲಿಮೀಟರಿನಲ್ಲಿ ಅಳೆಯುವುದು. ದವಡೆಯನ್ನು ದವಡೆಯೊಡನೆಯೇ ಹೋಲಿಸುವ ಈ ಕ್ರಮ ನಿಜವಾದ ಸುಧಾರಣೆ. ಆದರೆ ಕಚ್ಚುವ ಗೆರೆಯೂ ಸ್ಥಿರವಲ್ಲ. ಹಲ್ಲು ಹುಟ್ಟುತ್ತ, ಚಿಕಿತ್ಸೆ ನಡೆಯುತ್ತ ಅದು ವಾಲುತ್ತದೆ. ಎ ಮತ್ತು ಬಿ ನಡುವೆ ಎತ್ತರದಲ್ಲಿ 40 ಮಿಲಿಮೀಟರ್ ಅಂತರವಿದ್ದರೆ ಗೆರೆ 5 ಡಿಗ್ರಿ ವಾಲಿದಾಗ ವಿಟ್ಸ್ ಅಳತೆ ಮೂರೂವರೆ ಮಿಲಿಮೀಟರ್ ಬದಲಾಗುತ್ತದೆ. ಜೇಕಬ್‌ಸನ್ ಇದನ್ನು ಇತರ ಅಳತೆಗಳ ಜೊತೆಗೆ ನೋಡಬೇಕಾದ ಅಳತೆಯೆಂದೇ ಕೊಟ್ಟರು. ತಿದ್ದುಪಡಿಯಿಂದ ಒಂದು ಗೆರೆಯ ದೋಷ ಹೋಗಿ ಇನ್ನೊಂದು ಗೆರೆಯ ದೋಷ ಬಂತು. ಗೆರೆಯಿಲ್ಲದ ಅಳತೆ ಮಾತ್ರ ಸಿಗಲಿಲ್ಲ.

ಕಾಲದಿಂದ ಕಾಲಕ್ಕೆ ಹೋಲಿಸುವ ವಿಧಾನಕ್ಕೂ ಇದೇ ದೋಷ ತಟ್ಟುವುದಿಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ತಟ್ಟುತ್ತದೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಡಬೇಕಾದರೂ ಯಾವುದೋ ಒಂದು ಭಾಗ ಅಲುಗಿಲ್ಲ ಎಂದು ಒಪ್ಪಿಕೊಳ್ಳಬೇಕು. ಬ್ರೋಡಿ 1941ರಲ್ಲಿ, ಮುಖದ ಬೆಳವಣಿಗೆಯ ಮಾದರಿ ಎಳವೆಯಲ್ಲೇ ನಿಶ್ಚಿತವಾಗಿ ಬದಲಾಗದೆ ಉಳಿಯುತ್ತದೆ ಎಂದು ಹೇಳಿದ್ದರ ಹಿಂದೆ ಇಂಥ ಒಪ್ಪಿಗೆಯೂ ಇತ್ತು. ಅದನ್ನು ಅಲುಗಿಸಿದವರು ಸ್ಕ್ಯಾಂಡಿನೇವಿಯಾದ ಆರ್ನೆ ಬ್ಯೋರ್ಕ್. 1950ರ ದಶಕದಿಂದ ಕೋಪನ್‌ಹೇಗನ್‌ನಲ್ಲಿ ಮಕ್ಕಳ ದವಡೆಯ ಮೂಳೆಯೊಳಗೆ ಸಣ್ಣ ಲೋಹದ ಮೊಳೆಗಳನ್ನು ಕೂರಿಸಿ, ಆ ಮೊಳೆಗಳನ್ನೇ ಆಧಾರವಾಗಿಟ್ಟುಕೊಂಡು ವರ್ಷವರ್ಷದ ಚಿತ್ರಗಳನ್ನು ಹೊಂದಿಸಿದರು. ಬೆಳೆಯುವಾಗ ದವಡೆಗಳು ತಿರುಗುತ್ತವೆ, ಹೊರಮೈಯಲ್ಲಿ ಮೂಳೆ ಕರಗಿ ಕೂಡಿ ಆ ತಿರುಗುವಿಕೆಯನ್ನು ಮರೆಮಾಚುತ್ತದೆ ಎಂಬುದು ಆಗ ಕಂಡಿತು. ಇದರಿಂದ ನನ್ನ ವಾದ ದುರ್ಬಲವಾಗುವುದಿಲ್ಲ. ಹೋಲಿಕೆಯ ವಿಧಾನದ ತಪ್ಪನ್ನು ಇನ್ನೂ ಎಚ್ಚರದ ಹೋಲಿಕೆಯೇ ತಿದ್ದಿತು. ಅದಕ್ಕೆ ಬೇಕಾದ ಪುರಾವೆ ಆ ಮಕ್ಕಳ ಚಿತ್ರಗಳಲ್ಲಿಯೇ ಸಿಕ್ಕಿತು. ಸರಾಸರಿಯ ಪಟ್ಟಿಗೆ ತನ್ನ ತಪ್ಪನ್ನು ತಾನೇ ಹಿಡಿಯುವ ಇಂಥ ದಾರಿ ಇಲ್ಲ. ಆರೋಗ್ಯವಂತ ಮಕ್ಕಳಿಗೆ ಅಧ್ಯಯನಕ್ಕಾಗಿ ವರ್ಷವರ್ಷವೂ ಎಕ್ಸ್-ರೇ ಹಾಯಿಸುವುದನ್ನು ಇಂದಿನ ವೈದ್ಯನೀತಿ ಒಪ್ಪುವುದಿಲ್ಲ. ಹಾಗಾಗಿ ಕ್ಲೀವ್‌ಲ್ಯಾಂಡ್, ಕೋಪನ್‌ಹೇಗನ್, ಕೆನಡಾದ ಬರ್ಲಿಂಗ್ಟನ್‌ಗಳ ಹಳೆಯ ಸಂಗ್ರಹಗಳು ಮತ್ತೆ ಮಾಡಲಾಗದ ಸಂಪತ್ತು.

ಸರಾಸರಿ ಬೇಡವೆಂದರೆ ವೈದ್ಯರು ಯಾವುದನ್ನು ನೋಡಿ ನಿರ್ಧರಿಸಬೇಕು ಎಂದು ಕೇಳುವವರಿದ್ದಾರೆ. ಮೊದಲ ಸಲ ಬಂದ ಮಗುವಿಗೆ ಹಿಂದಿನ ಚಿತ್ರ ಇರುವುದಿಲ್ಲ, ಕಾಯುತ್ತ ಕೂರಲೂ ಆಗುವುದಿಲ್ಲ. ಹದಿನಾರು ಡಿಗ್ರಿ ಇರಬೇಕಾದದ್ದು ಮೂವತ್ತು ಇದ್ದರೆ ಅದು ಅಸಹಜ ಎಂದು ತಿಳಿಯಲು ಸರಾಸರಿ ಬೇಕೇ ಬೇಕು. ಈ ಮಾತು ಒಪ್ಪಬೇಕಾದದ್ದು. ದೂರ ಸರಿದದ್ದನ್ನು ತೋರಿಸಲು ಸರಾಸರಿ ಸಮರ್ಥ. ಅದು ಎಡವುವುದು ಒಂದೆರಡು ಡಿಗ್ರಿಯ ವ್ಯತ್ಯಾಸದಲ್ಲಿ, ಮತ್ತು ಹೆಚ್ಚಿನ ಮಕ್ಕಳು ಇರುವುದು ಅಲ್ಲಿಯೇ. ಶೆಲ್ಡನ್ ಬೌಮ್‌ರಿಂಡ್ ಮತ್ತು ರಾಬರ್ಟ್ ಫ್ರಾಂಟ್ಜ್ 1971ರಲ್ಲಿ ಒಂದೇ ಚಿತ್ರವನ್ನು ಹಲವರ ಕೈಯಲ್ಲಿ ಗುರುತು ಹಾಕಿಸಿ, ಬಿಂದುವನ್ನು ಗುರುತಿಸುವುದರಲ್ಲೇ ತಪ್ಪು ನುಸುಳುತ್ತದೆಂದೂ ಪ್ರತಿ ಬಿಂದುವಿಗೂ ತನ್ನದೇ ರೀತಿಯ ತಪ್ಪಿದೆಯೆಂದೂ ತೋರಿಸಿದರು. ಗುರುತಿಸುವ ತಪ್ಪು, ಗೆರೆಯ ವಾಲಿಕೆ, ನೇಸಿಯನ್‌ನ ಜಾಗ ಇವು ಮೂರೂ ಸೇರಿದರೆ 3 ಡಿಗ್ರಿಗೂ 5 ಡಿಗ್ರಿಗೂ ನಡುವೆ ಗೋಡೆ ಕಟ್ಟುವುದು ಸಾಧ್ಯವಿಲ್ಲ.

ಇನ್ನೊಂದು ಪರಿಹಾರವನ್ನು ನಮ್ಮ ದೇಶದಲ್ಲಿ ಬಹಳ ಉತ್ಸಾಹದಿಂದ ಹುಡುಕಲಾಗಿದೆ: ಅಮೆರಿಕದ ಬಿಳಿಯರ ಅಳತೆ ಬಿಟ್ಟು ನಮ್ಮವರ ಅಳತೆ ಮಾಡಿಕೊಳ್ಳುವುದು. 1964ರಲ್ಲಿ ಕೋಟಕ್ ಅವರು ಭಾರತೀಯ ಹುಡುಗಿಯರ ಮೇಲೆ, 1969ರಲ್ಲಿ ನಂದಾ ಮತ್ತು ನಂದಾ ಅವರು ಉತ್ತರ ಭಾರತೀಯರ ಮೇಲೆ, 1974ರಲ್ಲಿ ಅಶಿಮಾ ವಲಿಯತ್ತಾನ್ ಅವರು ಡೌನ್ಸ್ ಪಟ್ಟಿಯನ್ನು ಹಿಡಿದು ಭಾರತದ ವಯಸ್ಕರ ಮೇಲೆ ಅಧ್ಯಯನ ಪ್ರಕಟಿಸಿದರು. ವಲಿಯತ್ತಾನ್ ಮುಂದೆ ಮಣಿಪಾಲದ ದಂತ ವೈದ್ಯಕೀಯ ಕಾಲೇಜಿನಲ್ಲಿ ಇದೇ ವಿಷಯವನ್ನು ದೀರ್ಘಕಾಲ ಕಲಿಸಿದವರು. ಭಾರತೀಯರ ಬಾಚಿಹಲ್ಲುಗಳು ಅಮೆರಿಕದ ಮಾದರಿಗಿಂತ ಮುಂದಕ್ಕೆ ವಾಲಿರುವುದು ಇಂಥ ಹಲವು ಅಧ್ಯಯನಗಳಲ್ಲಿ ಕಂಡಿದೆ. ಇದು ಕಾಗದದ ಮೇಲಿನ ಚರ್ಚೆಯಲ್ಲ. ಕರ್ನಾಟಕದ ಒಂದು ಹುಡುಗಿಯ ಕೆಳಬಾಚಿಹಲ್ಲು 100 ಡಿಗ್ರಿಯಲ್ಲಿ ಇದ್ದು, ಟ್ವೀಡ್ ಅವರ 90ಕ್ಕೆ ಅದನ್ನು ತರಲು ಹೊರಟರೆ ಕೀಳಬೇಕಾಗುವುದು ಅವಳ ನಾಲ್ಕು ಆರೋಗ್ಯವಂತ ಹಲ್ಲುಗಳನ್ನು. ಆದ್ದರಿಂದ ಸ್ಥಳೀಯ ಅಳತೆಗಳನ್ನು ಮಾಡಿದವರಿಗೆ ನಾವು ಋಣಿಗಳು. ಆದರೂ ಪರದೇಶದ ಸರಾಸರಿಯ ಜಾಗಕ್ಕೆ ನಮ್ಮ ಸರಾಸರಿ ಬಂದ ಮಾತ್ರಕ್ಕೆ ತೀರ್ಪಿನ ಸ್ವಭಾವ ಬದಲಾಗುವುದಿಲ್ಲ. ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ಪಟ್ಟಿಯನ್ನು ಹೋಳು ಮಾಡುತ್ತ ಹೋದರೂ ಪ್ರತಿ ಗುಂಪಿನ ಒಳಗಿನ ವೈವಿಧ್ಯ ಗುಂಪುಗಳ ನಡುವಿನ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಜನರನ್ನು ಬುರುಡೆಯಿಂದ ವಿಂಗಡಿಸಿದ ಕ್ಯಾಂಪರ್ ನಂತರದ ಚರಿತ್ರೆ ಗೊತ್ತಿರುವವರು ಆ ದಾರಿಯಲ್ಲಿ ಎಚ್ಚರದಿಂದ ಹೆಜ್ಜೆಯಿಡಬೇಕು.

ಕಂಪ್ಯೂಟರು ಇವನ್ನೆಲ್ಲ ಬಗೆಹರಿಸಿದೆ ಎಂಬುದು ಈ ಕಾಲದ ಸಮಾಧಾನ. ಬಿಂದುಗಳನ್ನು ಈಗ ತಂತ್ರಾಂಶವೇ ಗುರುತಿಸುತ್ತದೆ, ಕ್ಷಣದಲ್ಲಿ ಕೋನ ಬರೆಯುತ್ತದೆ; ಮೂರು ಆಯಾಮದ ಸ್ಕ್ಯಾನಿನಲ್ಲಿ ಎಡಬಲದ ನೆರಳುಗಳು ಒಂದರ ಮೇಲೊಂದು ಬೀಳುವ ತೊಂದರೆಯೂ ಇಲ್ಲ. ಕೈತಪ್ಪು ಕಡಿಮೆಯಾದದ್ದು ನಿಜವಾದ ಲಾಭ. ಆದರೆ ನೇಸಿಯನ್ ಐದು ಮಿಲಿಮೀಟರ್ ಮುಂದಿದ್ದರೆ ತಂತ್ರಾಂಶದಲ್ಲೂ ಕೋನ ಎರಡು ಡಿಗ್ರಿ ಇಳಿಯುತ್ತದೆ. ಅದನ್ನು ದಶಮಾಂಶದ ಸಮೇತ ಮುದ್ರಿಸಿ ಕೊಡುವುದರಿಂದ ಅನುಮಾನ ಪಡುವ ಅಭ್ಯಾಸ ಇನ್ನಷ್ಟು ಕಡಿಮೆಯಾಗುತ್ತದೆ. ಕೈಯಲ್ಲಿ ಗೆರೆ ಎಳೆಯುತ್ತಿದ್ದವರಿಗೆ ಯಾವ ಬಿಂದು ಮಸುಕಾಗಿತ್ತು ಎಂಬುದು ನೆನಪಿರುತ್ತಿತ್ತು. ಅಚ್ಚಾದ ಪಟ್ಟಿಯಲ್ಲಿ ಎಲ್ಲ ಅಂಕಿಗಳೂ ಒಂದೇ ಖಾತ್ರಿಯಿಂದ ಕೂತಿರುತ್ತವೆ.

ಈ ಅಳತೆಯನ್ನು ಕೈಬಿಡಬೇಕೆಂದು ಚರಿತ್ರೆ ಹೇಳುವುದಿಲ್ಲ. ಆಂಗಲ್ ಅವರ ಕಾಲದ ಕುರುಡುತನ ತೊಲಗಿದ್ದು ಇದರಿಂದಲೇ; ದವಡೆಗಳು ಬೆಳೆಯುತ್ತ ತಿರುಗುತ್ತವೆ ಎಂಬ ಅರಿವು ಬಂದದ್ದೂ ಇದರಿಂದಲೇ. ಚರಿತ್ರೆ ಕೇಳುವುದು ಅಂಕಿಯನ್ನು ಅದರ ಪೂರ್ವಾಪರದೊಡನೆ ಓದಬೇಕೆಂದು. ಯಾವ ಗೆರೆಗೆ ಹೋಲಿಸಿ ಬಂದ ಕೋನ, ಯಾರ ಮುಖಗಳಿಂದ ಬಂದ ಸರಾಸರಿ, ಬೇರೆ ಗೆರೆಯಿಂದ ಅಳೆದರೂ ಅದೇ ಮಾತು ಬರುತ್ತದೆಯೇ, ಕನ್ನಡಿಯಲ್ಲಿ ಕಾಣುವ ಮುಖ ಆ ಮಾತನ್ನು ಒಪ್ಪುತ್ತದೆಯೇ ಎಂದು ವಿಚಾರಿಸಿದ ಮೇಲೆ ಎರಡು ಡಿಗ್ರಿಗೆ ಅರ್ಥ ಬರುತ್ತದೆ. ಚಿಕಿತ್ಸೆ ಮುಗಿದ ಮೇಲೆ ತೆಗೆದ ಚಿತ್ರವನ್ನು ಮೊದಲ ಚಿತ್ರದ ಮೇಲಿಟ್ಟು ನೋಡುವ ವೈದ್ಯರು ಬ್ರಾಡ್‌ಬೆಂಟ್ ಕಟ್ಟಿದ ಉಪಕರಣವನ್ನು ಅದು ಯಾವುದಕ್ಕೆ ಹುಟ್ಟಿತೋ ಅದಕ್ಕೆ ಬಳಸುತ್ತಿದ್ದಾರೆ. ಒಂದು ಕೋನದ ಹೆಸರಿನಲ್ಲಿ ಮಗುವಿನ ಹಲ್ಲು ಕೀಳುವ ನಿರ್ಧಾರವಾಗುವುದಾದರೆ, ಆ ಕೋನ ಎಲ್ಲಿಂದ ಬಂತೆಂದು ಕೇಳುವ ಹಕ್ಕು ತಂದೆತಾಯಿಗಿದೆ, ವಿವರಿಸುವ ಹೊಣೆ ವೈದ್ಯರದು.